ಕಾಫಿ, ಬೀಡಿ, ಮಾತ್ರೆ

ರಾತ್ರಿ ಹತ್ತಕ್ಕೆ ಗಟ್ಟಿ ಡಿಕಾಕ್ಷನ್ನಿನ ಕಾಫಿ ಕುಡಿದು ಹತ್ತೂಕಾಲಿಗೆ ಗೊರಕೆ ಹೊಡೆಯುವ ಭಾವ ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ. ಸಂಜೆ ಐದರ ಮೇಲೆ ಅರ್ಧ ಲೋಟ ಕುಡಿದು ಮಧ್ಯರಾತ್ರಿವರೆಗೆ ಹೊರಳಾಡುವ ಅತ್ತೆಯೂ ಅದೇ ಮನೆಯಲ್ಲೇ ಇರುತ್ತಾರೆ. ಅತ್ತೆ ವಯಸ್ಸನ್ನು ದೂರುತ್ತಾರೆ, ಭಾವ ಅಭ್ಯಾಸಬಲ ಎನ್ನುತ್ತಾನೆ. ಲಿವರನ್ನು ಯಾರೂ ವಿಚಾರಿಸುವುದಿಲ್ಲ. ಕೆಫೀನನ್ನು ಅರಗಿಸಿ ಹೊರಹಾಕುವ ಸಿವೈಪಿ1ಎ2 ಎಂಬ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ಸೋಮಾರಿ. ಈ ವ್ಯತ್ಯಾಸದಲ್ಲಿ ಅದರದೂ ಒಂದು ಪಾಲುಂಟು. ಅದರ ದಾಯಾದಿಗಳು ಹಲವರಿದ್ದಾರೆ. ಮನೋವೈದ್ಯರು ಬರೆಯುವ ಎಷ್ಟೋ ಮಾತ್ರೆಗಳು ಸಿವೈಪಿ2ಡಿ6, ಸಿವೈಪಿ2ಸಿ19 ಎಂಬಿಬ್ಬರ ಪಾಲಿಗೆ ಬೀಳುತ್ತವೆ.

ಕಿಣ್ವಗಳ ಈ ಸೋಮಾರಿತನ ಬೆಳಕಿಗೆ ಬಂದ ಬಗೆಯೇ ಒಂದು ಕತೆ. 1970ರ ದಶಕದಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ವೈದ್ಯಕೀಯ ಕಾಲೇಜಿನಲ್ಲಿ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ, ಬಿಪಿ ಇಳಿಸುವ ಡೆಬ್ರಿಸೊಕ್ವಿನ್ ಮಾತ್ರೆಯನ್ನು ಪ್ರಯೋಗಕ್ಕೆಂದು ತಾವೇ ನುಂಗಿದರು. ಜೊತೆಗೆ ನುಂಗಿದವರು ಆರಾಮವಾಗಿದ್ದರೆ, ಇವರಿಗೆ ಬಿಪಿ ಕುಸಿದು ಎದ್ದು ನಿಲ್ಲಲೂ ಆಗಲಿಲ್ಲ. ಮಾತ್ರೆ ಅವರ ಮೈಯಲ್ಲಿ ಅರಗದೆ ಹಾಗೇ ಉಳಿದಿತ್ತು. ಈ ಸೋಮಾರಿತನ ವಂಶದಿಂದ ಬಂದದ್ದೆಂದು 1977ರಲ್ಲಿ ಪ್ರಕಟವಾಯಿತು. ಆ ಸೋಮಾರಿಯೇ 2ಡಿ6.

ಈಗ ಕೆನ್ನೆಯೊಳಗೆ ಹತ್ತಿಕಡ್ಡಿ ಸವರಿ ಜೀನ್ ಪರೀಕ್ಷೆಗೆ ಕಳಿಸಿದರೆ ಸಾಕು, ಖಿನ್ನತೆಯ ಮಾತ್ರೆಗಳ ಪಟ್ಟಿ ಹಸಿರು, ಹಳದಿ, ಕೆಂಪು ಬಳಿದುಕೊಂಡು ಬರುತ್ತದೆ. ಹಸಿರಲ್ಲಿರುವುದು ವಾಸಿ ಮಾಡುವ ಮಾತ್ರೆ ಎಂದು ಮನೆಯವರು ನಂಬುತ್ತಾರೆ. ಪಾಪ, ವರದಿ ಹೇಳುವುದು ಮುಖ್ಯವಾಗಿ ಲಿವರಿನ ಸಮಾಚಾರ, ಮನಸ್ಸಿನದಲ್ಲ. ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯ ವಿಷಯದಲ್ಲಿ ಅದೂ ಕೆಲಸಕ್ಕೆ ಬರುತ್ತದೆ. 2ಸಿ19 ಮಂದವಾಗಿದ್ದವರಿಗೆ ದಿನಕ್ಕೆ 20 ಮಿಲಿಗ್ರಾಂ ದಾಟಬಾರದೆಂಬ ಎಚ್ಚರಿಕೆಯಿದೆ. ಆದರೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,944 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆ ನೋಡಿ ಮಾತ್ರೆ ಕೊಟ್ಟವರಿಗೆ ನಡುವೆ ತುಸು ಲಾಭ ಕಂಡರೂ 24 ವಾರಗಳ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಇಷ್ಟಕ್ಕೆ ಸಾವಿರಾರು ರೂಪಾಯಿ ಸುರಿಯಬೇಕೇ ಎಂದರೆ, ಎಲ್ಲರಿಗೂ ಬೇಡ ಎನ್ನುವ ಪಕ್ಷ ನನ್ನದು.

ಕಾರ್ಬಮಜೆಪೀನ್ ಮಾತ್ರ ಬೇರೆ ಮಾತು. ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಹಳೆಯ ಮಾತ್ರೆ. ಅಪರೂಪಕ್ಕೆ ಕೆಲವರಿಗೆ ಅದರಿಂದ ಬಾಯಿ, ಕಣ್ಣು ಹುಣ್ಣಾಗಿ, ಸುಟ್ಟಂತೆ ಚರ್ಮ ಸುಲಿದು ಜೀವಕ್ಕೇ ಬರುತ್ತದೆ. 2004ರಲ್ಲಿ ತೈವಾನಿನ ವೈದ್ಯರು ಹೀಗಾದ 44 ಜನರನ್ನು ಪರೀಕ್ಷಿಸಿದಾಗ, 44 ಜನರಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಜೀನ್ ಮಾದರಿ ಸಿಕ್ಕಿತು. ಅದು ಏಷ್ಯಾದ ಜನರಲ್ಲೇ ಹೆಚ್ಚು. ಇಲ್ಲಿ ಮೊದಲ ಮಾತ್ರೆಗಿಂತ ಮುಂಚೆಯೇ ಪರೀಕ್ಷೆ ಮಾಡಿಸುವುದಕ್ಕೆ ಅರ್ಥವಿದೆ.

ಇನ್ನು ಬೀಡಿ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೊಜಪೀನನ್ನು ಅರಗಿಸುವುದೂ ಭಾವನ ಕಾಫಿ ಅರಗಿಸುವ ಅದೇ 1ಎ2. ಹೊಗೆ ಬಿದ್ದರೆ ಅದಕ್ಕೆ ಹುರುಪು ಬರುತ್ತದೆ, ಮಾತ್ರೆ ಬೇಗ ಖಾಲಿಯಾಗುತ್ತದೆ. ನಿಕೋಟಿನ್ ಅಲ್ಲ, ಹೊಗೆಯೇ ಕಾರಣ. ಹೊರಗೆ ಸರಿಯಾಗಿದ್ದ ಡೋಸೇ, ಬೀಡಿ ಸಿಗದ ವಾರ್ಡಿನಲ್ಲಿ ಕೆಲವೇ ದಿನಕ್ಕೆ ಹೆಚ್ಚಾಗಿ ರೋಗಿ ಜೊಲ್ಲು ಸುರಿಸುತ್ತಾ ತೂಕಡಿಸಬಹುದು. ಜೀನ್ ಏನೂ ಬದಲಾಗಿರುವುದಿಲ್ಲ. ಅದಕ್ಕೇ ತಿಳಿದ ಡಾಕ್ಟರು ಬಣ್ಣದ ವರದಿಯನ್ನು ಮೇಜಿನ ಮೇಲಿಟ್ಟು, “ದಿನಕ್ಕೆ ಎಷ್ಟು ಬೀಡಿ ಸೇದ್ತೀಯಪ್ಪ?” ಅಂತಲೂ ಕೇಳುತ್ತಾರೆ.

“ಎರಡು ಸಾರ್.”

“ಎರಡು ಕಟ್ಟು ಅಂತ ಸರಿಯಾಗಿ ಹೇಳ್ರೀ,” ಅನ್ನುತ್ತಾಳೆ ಹಿಂದೆ ನಿಂತ ಹೆಂಡತಿ.