ಬಾಯಿಲೆಕ್ಕದ 5 ನಿಮಿಷ

ಮೈಸೂರಿನ ಮಂಡಿ ಮೊಹಲ್ಲಾ. ಕಾಗದಪತ್ರಗಳಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅದರ ಸಂಶೋಧನಾ ಘಟಕದ ಕೋಣೆಯಲ್ಲಿ ನೀವು ನಿಂತಿದ್ದೀರಿ. ನಿಮಗೀಗ 13 ದಾಟಿದೆ. ಎದುರಿಗೆ ಗುರುತು ಪರಿಚಯವಿಲ್ಲದ ಇಬ್ಬರು ಕೂತಿದ್ದಾರೆ. 5 ನಿಮಿಷ ಮಾತಾಡಿದ್ದಾಯಿತು, ಇನ್ನು 5 ನಿಮಿಷ ಬಾಯಿಲೆಕ್ಕ. ಕಳೆಯಬೇಕು, ಉಳಿದದ್ದರಿಂದ ಮತ್ತೆ ಕಳೆಯಬೇಕು. ತಪ್ಪಿತು. ನಾಲಿಗೆ ಒಣಗಿದೆ, ಎದೆ ಡವಗುಟ್ಟುತ್ತಿದೆ. ಆ ಬಡಿತವನ್ನೂ ರಕ್ತದೊತ್ತಡವನ್ನೂ ಯಂತ್ರ ಬಿಡದೆ ದಾಖಲಿಸುತ್ತಿದೆ. ಆಮೇಲೆ ಬಿಟ್ಟು ಬಿಟ್ಟು ಜೊಲ್ಲಿನ ಮಾದರಿ ಕೊಡಬೇಕು. ಅದರಲ್ಲಿ ಅಳೆಯುವುದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು.

ನೀವು ಪಾರ್ಥೆನಾನ್ ಅಧ್ಯಯನದ ಮಗು. 1997–98ರಲ್ಲಿ ಇದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರಿಂದ ಶುರುವಾದದ್ದು ಅದು. ಡಾ. ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಅವರ ತಂಡ ನಿಮ್ಮನ್ನು ಹುಟ್ಟಿದಂದಿನಿಂದ ನೋಡುತ್ತ ಬಂದಿದೆ.

ಈಗ ಆ ಕಾರ್ಟಿಸಾಲ್‌ನ ಬೆನ್ನು ಹತ್ತಿ ನಿಮ್ಮದೇ ಪಿತ್ತಜನಕಾಂಗದ ಒಂದು ಜೀವಕೋಶಕ್ಕೆ ಇಳಿಯಿರಿ. ಹೊರಪೊರೆ ಅದನ್ನು ತಡೆಯುವುದಿಲ್ಲ. ಒಳಗೆ ಗ್ರಾಹಕ ಪ್ರೋಟೀನ್ ಕಾದಿದೆ. ಎರಡೂ ಕೂಡಿ ಕೋಶಕೇಂದ್ರಕ್ಕೆ ನುಗ್ಗುತ್ತವೆ. ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕೂತರೆ ಸಕ್ಕರೆ ತಯಾರಿಸುವ ಜೀನ್‌ಗಳು ಏಳುತ್ತವೆ. ಆದರೆ ಹತ್ತಿರದಲ್ಲೇ ಒಂದು ಆರ್‌ಎನ್‌ಎ ಎಳೆ ಇದೆ, ಹೆಸರು ಗ್ಯಾಸ್5. ಪ್ರೋಟೀನ್ ಕಟ್ಟುವುದು ಅದರ ಕೆಲಸವಲ್ಲ. ಎಳೆಯ ಒಂದು ತುಣುಕು ಜಡೆ ಮಡಚಿದ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡು, ಡಿಎನ್‌ಎಯ ಆ ಜಾಗದಂತೆಯೇ ಕಾಣುತ್ತದೆ. ಗ್ರಾಹಕ ಅದನ್ನೇ ಅಪ್ಪಿಕೊಳ್ಳುತ್ತದೆ. ಜೀನ್ ಏಳುವುದಿಲ್ಲ. 2010ರಲ್ಲಿ ತೊಮೊಶಿಗೆ ಕಿನೊ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಕೋಶಕ್ಕೆ ಆಹಾರ ತಪ್ಪಿದಾಗ ಗ್ಯಾಸ್5 ಒಳಗೆ ರಾಶಿ ಬೀಳುತ್ತದೆ.

ಕೋಣೆಗೆ ಮರಳಿ ಬನ್ನಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡಿದ್ದ ತಾಯಂದಿರ ಮಕ್ಕಳಿಗೆ ಈ ಪರೀಕ್ಷೆಯ ಹೊತ್ತಿನಲ್ಲಿ ರಕ್ತದೊತ್ತಡ ಉಳಿದವರಿಗಿಂತ ಹೆಚ್ಚು ಏರಿತ್ತು. ಅಂಥ ಮಗುವಿನ ಮೈಯಲ್ಲಿ ಕಾರ್ಟಿಸಾಲ್ ಎಷ್ಟು ಬಂತು ಎಂದು ಕೇಳಿದರೆ ಸಾಲದು. ಬಂದದ್ದರಲ್ಲಿ ಜೀನ್‌ಗೆ ಮುಟ್ಟಿದ್ದೆಷ್ಟು, ಗ್ಯಾಸ್5 ದಾರಿಯಲ್ಲೇ ಹಿಡಿದಿಟ್ಟದ್ದೆಷ್ಟು ಎಂಬುದನ್ನೂ ಕೇಳಬೇಕು. ಹಾಗೆ ಕೇಳಲು ಮೈಸೂರಿಗಿಂತ ಒಳ್ಳೆಯ ಊರು ನನಗೆ ಕಾಣುತ್ತಿಲ್ಲ. ಏಕೆಂದರೆ ಈ ಆಸ್ಪತ್ರೆಯ ಹೆರಿಗೆ ದಫ್ತರಗಳಲ್ಲಿ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದ ಬರೆದಿಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಇಲ್ಲಿ ಹುಟ್ಟಿದವರಿದ್ದು, ಸಂಶೋಧಕರಿಂದ ಕರೆ ಬಂದರೆ ದಯವಿಟ್ಟು ಹೋಗಿ ಬನ್ನಿ.