ಕಾಲುವೆಯಲ್ಲಿ ಬಂದ ಕೀರ್ತನೆ

ನಮ್ಮ ದೊಡ್ಡಪ್ಪನಿಗೆ ದೇವರ ಮೇಲೆ ಎಂದೂ ತಕರಾರಿರಲಿಲ್ಲ. ಇದ್ದದ್ದೆಲ್ಲ ಚರ್ಚಿನ ಮೇಲೆ. ಅದರ ಬುಡ ಹುಡುಕುತ್ತ ಹೋದರೆ ನಮ್ಮೂರು ಮಲ್ಲಟದಿಂದ ಹೊರಟು ತುಂಗಭದ್ರಾ ಅಣೆಕಟ್ಟೆಯ ಮೇಲೆ ನಿಲ್ಲಬೇಕಾಗುತ್ತದೆ. 1953ರಲ್ಲಿ ಅಣೆಕಟ್ಟೆ ನೀರು ಹಿಡಿಯಿತು. ಆಮೇಲೆ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ತೆವಳಿತು. ಜೋಳ, ಸಜ್ಜೆ, ಹತ್ತಿಯ ಎರೆಹೊಲಗಳನ್ನು ಕೃಷ್ಣಾ, ಗುಂಟೂರು, ಗೋದಾವರಿ ಸೀಮೆಯ ರೈತರು ಬಂದು ಕೊಂಡರು. ಮಿತನೀರಾವರಿಯ ಬೆಳೆ ಬೆಳೆಯಿರಿ ಎಂದು ಸರ್ಕಾರ ಹೇಳಿದ ಕಡೆ ಭತ್ತ ನಾಟಿ ಮಾಡಿದರು. ಕಾಲುವೆಯ ಆಸುಪಾಸು ಅವರು ನೆಲೆಸಿದ ಕ್ಯಾಂಪುಗಳೆದ್ದವು. ಮೇಲಿನವರ ಭತ್ತ ಕುಡಿದು ಉಳಿದದ್ದು ಕೊನೆಭಾಗದ ನಮಗೆ.

"ನೀರು ಇಲ್ಲೀತನ ಬರಲಿಲ್ಲ, ತೆಲುಗು ಬಂತು ನೋಡು" ಎನ್ನುತ್ತಿದ್ದ ದೊಡ್ಡಪ್ಪ.

ನಾಟಿಯ ಕೂಲಿಗೆಂದು ಬಂದವರಲ್ಲಿ ಕ್ರೈಸ್ತರೂ ಇದ್ದರು. ನಮ್ಮ ಚರ್ಚಿಗೆ ಬಂದು ಮೊದಲು ಕೊನೆಯ ಚಾಪೆಯ ಮೇಲೆ ಕೂತರು, ಆಮೇಲೆ ನಡುವೆ. ಒಂದು ಐತಾರ ಪಾಸ್ಟರು, ಇನ್ನು ಮೇಲೆ ಎರಡು ಕೀರ್ತನೆ ತೆಲುಗಿನಲ್ಲಿರಲಿ ಎಂದರು. ದೊಡ್ಡಪ್ಪ ಎದ್ದು ಹೊರಗೆ ಹೋಗಲಿಲ್ಲ. ಅದು ಅವನ ಸ್ವಭಾವವಲ್ಲ. ಅದೇ ರಾಗಕ್ಕೆ ತನಗೆ ತೋಚಿದ ಕನ್ನಡ ಕೂಡಿಸಿ, ಎಲ್ಲರಿಗಿಂತ ಅರ್ಧ ತಾಳ ಹಿಂದೆ, ಎಲ್ಲರಿಗಿಂತ ಜೋರಾಗಿ ಹಾಡಿದ. ಅದಕ್ಕಾಗಿ ತೆಲುಗು ಸಾಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಪಕ್ಕದಲ್ಲಿ ಕೂತ ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು, ಭಕ್ತಿಯಿಂದಲ್ಲ.

ಅವನದು ಬರೀ ಹಟವೂ ಅಲ್ಲ. ನಿಜಾಮನ ಕಾಲದಲ್ಲಿ ಶಾಲೆಗೆ ಹೋದವನು. ಅಲೀಫ್ ಬೇ ಬರೆಯಲಿಲ್ಲವೆಂದು ಮೊಣಕೈ ಮೇಲೆ ಪೆಟ್ಟು ತಿಂದವನು. 1956ರಲ್ಲಿ ರಾಯಚೂರು ಮೈಸೂರು ರಾಜ್ಯ ಸೇರಿದಾಗ, ಇನ್ನಾದರೂ ನಮ್ಮ ಮಾತು ನಮ್ಮದು ಅಂದುಕೊಂಡಿದ್ದ. ಬೆಂಗಳೂರಿನ ಕಥೋಲಿಕ ಕನ್ನಡಿಗರು ಪೂಜೆಯಲ್ಲಿ ಕನ್ನಡಕ್ಕೆ ಜಾಗ ಕೊಡಿ ಎಂದು ಹೋರಾಡಿದ ಸುದ್ದಿಯ ತುಣುಕುಗಳನ್ನು ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದ. ಕಥೋಲಿಕರಿಗೂ ಅವನಿಗೂ ಆಗಿಬರದು. ಆದರೂ "ನ್ಯಾಯ ನ್ಯಾಯಾನ" ಅನ್ನುತ್ತಿದ್ದ. ಎರಡನೆಯ ವ್ಯಾಟಿಕನ್ ಸಭೆಗಿಂತ ಮುಂಚೆ ಅವರ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತಂತೆ. ಯಾರಿಗೂ ತಿಳಿಯದಿದ್ದಾಗ ಜಗಳವೂ ಇರಲಿಲ್ಲವೇನೋ ಎಂದು ನನಗೆ ಆಗಾಗ ಅನಿಸುತ್ತದೆ.

ಪಾಸ್ಟರು ಅವನಿಗಾಗಿಯೇ ರೂತಳ ಕಥೆ ಎತ್ತಿಕೊಂಡರು. ಬರಗಾಲಕ್ಕೆ ಬೇತ್ಲೆಹೇಮ್ ಬಿಟ್ಟ ಎಲೀಮೆಲೆಕ, ಮೋವಾಬಿನಲ್ಲಿ ಗಂಡನನ್ನೂ ಮಕ್ಕಳನ್ನೂ ಕಳಕೊಂಡ ನೊವೊಮಿ, ಅತ್ತೆಯ ಬೆನ್ನು ಬಿಡದೆ ಬಂದು ಪರರ ಹೊಲದಲ್ಲಿ ತೆನೆ ಆಯ್ದ ಪರದೇಶಿ ಸೊಸೆ. ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ; ಗುಳೆ ಅಂದರೆ ಸಾಕು, ಅರ್ಧ ಊರಿಗೆ ತಿಳಿಯುತ್ತದೆ. ಪ್ರಸಂಗ ಮುಗಿದ ಮೇಲೆ ಬಾಗಿಲಲ್ಲಿ ದೊಡ್ಡಪ್ಪ ಪಾಸ್ಟರ ಕೈ ಹಿಡಿದು ಕೇಳಿದ: "ಅಯ್ಯನೋರ, ರೂತಳು ಬೇತ್ಲೆಹೇಮಿನ ಮಾತು ಕಲಿತಳೋ, ಬೇತ್ಲೆಹೇಮಿನವರಿಗೇ ಮೋವಾಬಿ ಕಲಿಸಿದಳೋ?" ಪಾಸ್ಟರು ನಕ್ಕರು. ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. ಪ್ರಶ್ನೆ ಚೆನ್ನಾಗಿತ್ತೆಂದೇ ನನ್ನ ಅಭಿಪ್ರಾಯ; ಕೇಳಿದವನು ಎತ್ತಿನ ಸಂತೆಯಲ್ಲಿ ಸೊಗಸಾದ ತೆಲುಗು ಆಡುತ್ತಿದ್ದ ಅನ್ನುವುದು ಬೇರೆ ಮಾತು.

ಕೊನೆಗೆ ಬೆಳಿಗ್ಗೆ ಕನ್ನಡ ಆರಾಧನೆ, ಹೊತ್ತೇರಿದ ಮೇಲೆ ತೆಲುಗಿನದು ಎಂದಾಯಿತು. ಗೆದ್ದ ದೊಡ್ಡಪ್ಪ ಎರಡಕ್ಕೂ ಕೂತ. ಕೇಳಿದರೆ, "ತಪ್ಪು ಹಾಡ್ತಾರ, ಯಾರಾರ ಕೇಳಬೇಕಲ್ಲ" ಅಂದ.

ವರ್ಷಗಳು ಉರುಳಿದಂತೆ ಬೆಳಿಗ್ಗೆಯ ಚಾಪೆಗಳು ಖಾಲಿಯಾಗತೊಡಗಿದವು. ನಮ್ಮ ಓಣಿಯ ಹುಡುಗರು ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋದರು, ದೊಡ್ಡಪ್ಪನ ಮೊಮ್ಮಕ್ಕಳೂ. ಕನ್ನಡ ವಾಕ್ಯ ಓದಲು ಉಳಿದವಳು ಸರ್ಕಾರಿ ಶಾಲೆಯಲ್ಲಿ ಕಲಿತ ಕ್ಯಾಂಪಿನ ಹುಡುಗಿಯೊಬ್ಬಳೇ. ಶನಿವಾರ ಸಂಜೆ ದೊಡ್ಡಪ್ಪನ ಕಟ್ಟೆಗೆ ಬಂದು ಓದಿ ತೋರಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೂತು, ಅವಳು ಸರಿಯಾಗಿ ಓದಿದ್ದನ್ನೂ ಒಮ್ಮೆ ತಿದ್ದುತ್ತಿದ್ದ.

ಒಂದು ಸಂಜೆ ಅವಳು ಕೇಳಿದಳು: "ತಾತಾ, ನಿಮ್ಮ ಮೊಮ್ಮಕ್ಕಳು ಅಲ್ಲಿ ಯಾವ ಭಾಷೆ ಚರ್ಚಿಗೆ ಹೋಗ್ತಾರ?"

"ಐತಾರ ಸುದ್ದಾ ಕೆಲಸ ಇರ್ತದವ್ವ ಅವರಿಗೆ" ಅಂದ ದೊಡ್ಡಪ್ಪ. "ನೀ ಓದು."