ಒಂದು ಕಿಲೋಮೀಟರ್ ಅಂದರೆ ಎಷ್ಟು ದೂರ?



ಕಳೆದ ಎಪ್ರಿಲ್‌ನಲ್ಲಿ ಒಂದು ದಿನ ಅತ್ತಿಗೆ ನನ್ನನ್ನು ಕರೆದು, "ನೀನು ಬಿಎಸ್ಸಿ ಮಾಡಿದವನಲ್ವಾ? ಶಾಲೆಗೆ ಸರಿಯಾಗಿ ಎಷ್ಟು ದೂರ ಅಂತ ಅಳೆದು ಹೇಳು" ಎಂದರು. ಅಣ್ಣನ ಮಗಳು ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಎರಡು ವಾರದಿಂದ ಮನೆಯಲ್ಲಿ ಅದೇ ಮಾತು. ಇಲ್ಲೇ ಇರುವುದಾ, ಪೇಟೆ ಬದಿಯಲ್ಲಿ ಬಾಡಿಗೆ ಮನೆ ಮಾಡುವುದಾ?

ನನ್ನ ಉತ್ತರ ಅಳೆಯುವ ಮೊದಲೇ ತಯಾರಿತ್ತು. ನಮ್ಮ ವಾಳೆಯಲ್ಲಿ 27 ಮನೆ. ಆರು ವರ್ಷದಲ್ಲಿ ಐದಕ್ಕೆ ಬೀಗ ಬಿದ್ದಿದೆ. ಯುವಜನರ ಸಭೆಯಲ್ಲಿ ನಾನೇ ಎದ್ದು ನಿಂತು, "ಎಲ್ಲರೂ ಸುಖ ನೋಡಿಕೊಂಡು ಹೋದರೆ ಊರಿನಲ್ಲಿ ಉಳಿಯುವವರು ಯಾರು?" ಎಂದು ಕೇಳಿದವನು. ಈಗ ಆ ಪ್ರಶ್ನೆ ನಮ್ಮ ಮನೆಗೇ ಬಂದಿತ್ತು.

ಮಂಜೇಶ್ವರ ತಾಲೂಕಿನ ಒಳಭಾಗ ನೋಡಿದವರಿಗೆ ನಮ್ಮ ಊರು ಹೇಗಿದೆ ಎಂದು ಹೇಳಬೇಕಾಗಿಲ್ಲ. ಒಂದು ಮುರಕಲ್ಲಿನ ಗುಡ್ಡೆ, ಕೆಳಗೆ ಅಡಿಕೆ ತೋಟ, ನಡುವೆ ತೋಡು, ಆಚೆ ಇನ್ನೊಂದು ಗುಡ್ಡೆ. ಕನ್ನಡ ಎಲ್‌ಪಿ ಶಾಲೆ ಆಚೆ ಗುಡ್ಡೆಯ ಮೇಲಿದೆ. ಮೊಬೈಲಿನ ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ 900 ಮೀಟರ್. ಮರುದಿನ ಸೊಸೆಯ ಕೈ ಹಿಡಿದು ನಡೆದೆ. ತೋಟಕ್ಕೆ ಇಳಿದು, ಸಂಕ ದಾಟಿ, ಗುಡ್ಡೆ ಹತ್ತಿದಾಗ 1.6 ಕಿಲೋಮೀಟರ್ ಆಗಿತ್ತು. ನಾನೊಬ್ಬನೇ ಆದರೆ 25 ನಿಮಿಷ. ಅವಳ ಜೊತೆ 40. ಮಳೆಗಾಲದಲ್ಲಿ ತೋಡು ತುಂಬಿ ಸಂಕದ ಮೇಲೆ ನೀರು ಬಂದರೆ ಡಾಮರು ರಸ್ತೆ ಸುತ್ತಿ ಹೋಗಬೇಕು. ಆಗ 3.8 ಕಿಲೋಮೀಟರ್. ಮನೆ ಅದೇ, ಶಾಲೆ ಅದೇ, ದೂರ ಮಾತ್ರ ಮೂರು ಬಗೆ.

ಸರಿ, ಕಾನೂನು ಏನು ಹೇಳುತ್ತದೆ ಎಂದು ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಮಗುವಿಗೂ ನೆರೆಹೊರೆಯಲ್ಲಿ ಶಾಲೆ ಇರಬೇಕು. 2010ರ ಕೇಂದ್ರ ನಿಯಮಗಳು ಇದಕ್ಕೆ ಅಳತೆ ಕೊಟ್ಟಿವೆ. 1ರಿಂದ 5ನೇ ತರಗತಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ. ದಾರಿಯಲ್ಲಿ ನೆರೆ, ಗುಡ್ಡ ಕುಸಿತದ ಅಪಾಯ ಇದ್ದರೆ ಅಥವಾ ರಸ್ತೆ ಇಲ್ಲದಿದ್ದರೆ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕು ಎಂದೂ ಅಲ್ಲಿದೆ. ಓದಿ ಖುಷಿಯಾಯಿತು. ಇದನ್ನು ಬರೆದವರಿಗೆ ತೋಡು ಅಂದರೆ ಏನು ಎಂದು ಗೊತ್ತಿತ್ತು.

ಆದರೆ ಇನ್ನೊಂದು ವಿಷಯವೂ ಕಂಡಿತು. ಸಾಧ್ಯವಾದಷ್ಟರ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು ಅದೇ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ದೂರ ಹೇಳುವ ನಿಯಮದಲ್ಲಿ ಭಾಷೆಯ ಮಾತಿಲ್ಲ, ಭಾಷೆ ಹೇಳುವ ಸೆಕ್ಷನ್ನಿನಲ್ಲಿ ದೂರದ ಮಾತಿಲ್ಲ. ನಮ್ಮಂಥ ಗಡಿ ಊರಿನಲ್ಲಿ ಇವೆರಡೂ ಒಂದೇ ಪ್ರಶ್ನೆ. ನಾವು ಮನೆಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲಿ ತುಳು. ಆದರೆ ಓದು ಬರಹ ಎಂದರೆ ಅಜ್ಜನ ಕಾಲದಿಂದಲೂ ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಅದು ಬದಲಾಗಲಿಲ್ಲ. ಕೇರಳದಲ್ಲಿ ಎಲ್‌ಪಿ ನಾಲ್ಕನೇ ಕ್ಲಾಸಿಗೇ ಮುಗಿಯುತ್ತದೆ. ಐದಕ್ಕೆ ಯುಪಿ ಶಾಲೆ ಹುಡುಕಬೇಕು. ಹತ್ತಿರದ ಯುಪಿ ನಮಗೆ ಎರಡೂವರೆ ಕಿಲೋಮೀಟರ್, ಆದರೆ ಅಲ್ಲಿ ಕನ್ನಡ ವಿಭಾಗ ಇಲ್ಲ. ಕನ್ನಡ ವಿಭಾಗ ಬೇಕಾದರೆ 6 ಕಿಲೋಮೀಟರ್, ಎರಡು ಬಸ್ಸು. ನಕ್ಷೆ ನೋಡುವವರಿಗೆ ನಮ್ಮ ಮನೆಯ ಹತ್ತಿರ ಶಾಲೆ ಇದೆ. ನಮ್ಮ ಮಗುವಿಗೆ ಬೇಕಾದ ಶಾಲೆ ಇಲ್ಲ.

ಇನ್ನು ಹನ್ನೊಂದು ಕಿಲೋಮೀಟರ್ ದೂರದ ಇಂಗ್ಲಿಷ್ ಮೀಡಿಯಂ ಶಾಲೆ. ಅದರ ವ್ಯಾನು ನಮ್ಮ ಮನೆಯಿಂದ 400 ಮೀಟರ್ ಆಚೆ ಡಾಮರು ರಸ್ತೆಗೆ ಬರುತ್ತದೆ. ಅತ್ತಿಗೆಯ ಲೆಕ್ಕದಲ್ಲಿ ಅದೇ ಹತ್ತಿರದ ಶಾಲೆ. ನಾನು ವಾದ ಮಾಡಲು ಹೋದೆ. "ಮಗು ನಡೆಯುವ ದೂರ ಲೆಕ್ಕ ಹಾಕು, ವ್ಯಾನು ಓಡುವ ದೂರ ಅಲ್ಲ" ಎಂದರು. ಉತ್ತರ ಸಿಗಲಿಲ್ಲ.

ಆ ರಾತ್ರಿ ಅಮ್ಮನ ಹತ್ತಿರ ಕೇಳಿದೆ, "ನನ್ನನ್ನು ಹೇಗೆ ಶಾಲೆಗೆ ಕಳಿಸಿದಿರಿ?" ನನಗೆ ನೆನಪಿದ್ದದ್ದು ಸಂಕದ ಮೇಲೆ ಅಮ್ಮ ನನ್ನನ್ನು ಎತ್ತಿಕೊಂಡು ದಾಟಿದ್ದು, ಜೋರು ಮಳೆ ಬಂದ ದಿನ ಶಾಲೆಯ ಜಗಲಿಯಲ್ಲಿ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದದ್ದು. ನನಗೆ ಅದು ಬಾಲ್ಯದ ಚಂದದ ಚಿತ್ರ. ಅಮ್ಮನಿಗೆ ನೆನಪಿದ್ದದ್ದು ಬೇರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹೋದರೆ ದಿನಕ್ಕೆ ಸುಮಾರು 200 ಬೀಡಿ ಕಡಿಮೆ. ಶನಿವಾರ ಲೆಕ್ಕ ಮಾಡುವಾಗ ಅದು ಕಾಣುತ್ತಿತ್ತಂತೆ. "ನಿನ್ನ ಅಪ್ಪನಿಗೂ ಹೇಳಿರಲಿಲ್ಲ" ಎಂದರು. ನಾಲ್ಕು ವರ್ಷ ನನ್ನ ಶಾಲೆಯ ದೂರವನ್ನು ಅಮ್ಮ ತಮ್ಮ ಕೂಲಿಯಿಂದ ಕಟ್ಟಿದ್ದರು. ನಾನು ಸಭೆಯಲ್ಲಿ ಕನ್ನಡದ ಬಗ್ಗೆ ಮಾತಾಡುವುದು ಆ ಬೀಡಿಗಳ ಲೆಕ್ಕದ ಮೇಲೆ ನಿಂತು.

ಅತ್ತಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಒಂಬತ್ತು ಗಂಟೆಗೆ ಅಲ್ಲಿರಬೇಕು. ನೀವೂ ಹಾಗೇ ಮಾಡಿ ಎಂದು ಅವರಿಗೆ ಹೇಳಲು ನಾನು ಯಾರು?

ಮೇ ಕೊನೆಯ ವಾರ ಅಣ್ಣನವರು ಹೋದರು. ಕನ್ನಡ ವಿಭಾಗ ಇರುವ ಆ ದೂರದ ಯುಪಿ ಶಾಲೆಯಲ್ಲಿ ಒಂದನೇ ಕ್ಲಾಸೂ ಇದೆ. ಅದರ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಮಗು ಕನ್ನಡವನ್ನೇ ಕಲಿಯುತ್ತಾಳೆ, ಐದು ನಿಮಿಷ ನಡೆದು. ಅದಕ್ಕಾಗಿ ತಿಂಗಳ ಬಾಡಿಗೆ, ವಾರದ ಐದು ದಿನ ಅಮ್ಮನ ಒಂಟಿ ಊಟ. ನಾನು ಕೆಲಸ ಮುಗಿಸಿ ಬರುವಾಗ ರಾತ್ರಿ ಒಂಬತ್ತು. ಇತ್ತ ನಮ್ಮ ಎಲ್‌ಪಿ ಶಾಲೆಯ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ. ಅಧ್ಯಾಪಕರ ಹುದ್ದೆ ನಿಗದಿಯಾಗುವುದು ಮಕ್ಕಳ ಸಂಖ್ಯೆಯ ಮೇಲೆ. ಒಬ್ಬೊಬ್ಬರು ಹೋದ ಹಾಗೆ, ಉಳಿದವರಿಗೆ ಶಾಲೆ ಇನ್ನಷ್ಟು ದೂರವಾಗುತ್ತದೆ. ಅಣ್ಣ ಮಾಡಿದ್ದು ತಪ್ಪಲ್ಲ. ಆದರೂ ನಷ್ಟ ನಷ್ಟವೇ.

ವಾಳೆಯಲ್ಲಿ ಎಲ್‌ಪಿಗೆ ಹೋಗುವ ಮಕ್ಕಳು ಇನ್ನು ನಾಲ್ವರು ಇದ್ದಾರೆ. ಮೂರು ಮನೆ. ಜೂನ್ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ, ಒಂದು ಪಟ್ಟಿ ಮಾಡಿದೆ. ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು, ಆಗಸ್ಟ್ ಕೊನೆಯವರೆಗೆ ಮಕ್ಕಳನ್ನು ಸಂಕ ದಾಟಿಸುವುದು. ಸಂಕದ ಮೇಲೆ ನೀರು ಬಂದ ದಿನ ಒಬ್ಬರ ಆಟೋದಲ್ಲಿ ರಸ್ತೆ ಸುತ್ತಿ, ಪೆಟ್ರೋಲ್ ನಮ್ಮ ಘಟಕದ ಹಣದಿಂದ. ಎಂಟು ಜನ ಹೆಸರು ಕೊಟ್ಟರು. ಎರಡು ದಿನ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಕಾಂಕ್ರೀಟ್ ಕಾಲುಸಂಕಕ್ಕೆ ಪಂಚಾಯತಿಗೆ ಅರ್ಜಿಯನ್ನೂ ಕೊಟ್ಟಿದ್ದೇವೆ. ನಿಯಮದ ಆ ಸಾಲನ್ನೂ, ನಾನು ಅಳೆದ ಮೂರು ದೂರಗಳನ್ನೂ ಅದರಲ್ಲಿ ಬರೆದಿದ್ದೇನೆ.

ನಿಮ್ಮ ವಾಳೆಯಲ್ಲೂ ಬೀಗ ಹಾಕಿದ ಮನೆ ಇರಬಹುದು. ಅವರು ಯಾಕೆ ಹೋದರು ಎಂದು ಹೇಳುವ ಮೊದಲು, ಒಂದು ಸಲ ಆರು ವರ್ಷದ ಮಗುವಿನ ಕೈ ಹಿಡಿದು ಅಲ್ಲಿಂದ ಶಾಲೆವರೆಗೆ ನಡೆದು ನೋಡಿ. ಸಾಧ್ಯವಾದರೆ ಜುಲೈ ತಿಂಗಳಲ್ಲಿ.